22 ವರ್ಷ ಆದಮೇಲೆ ಮತ್ತೆ ಮೆಡಿಕಲ್ ಬೋರ್ಡಿಗೆ ಕರೆದಿದ್ದಾರೆ. ಹೋಗಬೇಕಾ, ಬೇಡವಾ?

ಗದಗ_ಮಲ್ಲಿಗೆ

ಎಲ್ಲರಿಗೂ ನಮಸ್ಕಾರ. ಇಲ್ಲಿ ಮಾಜಿ ಸೈನಿಕರು, ಅವರ ಮನೆಯವರು ಜಾಸ್ತಿ ಇದ್ದೀರಿ ಅಂತ ಬರೆಯುತ್ತಿದ್ದೇನೆ. ಸ್ವಲ್ಪ ಉದ್ದ ಆಗುತ್ತೆ, ದಯವಿಟ್ಟು ಓದಿ.

ನಮ್ಮ ಮನೆಯವರು 1995ರಲ್ಲಿ ಸೇನೆಯ ಆರ್ಟಿಲರಿಗೆ (ಫಿರಂಗಿ ದಳ) ಸೇರಿದರು. 2002ರಲ್ಲಿ, ಆಪರೇಷನ್ ಪರಾಕ್ರಮ್ ಸಮಯ, ರಾಜಸ್ಥಾನದ ಗಡಿಯಲ್ಲಿದ್ದಾಗ ಮೊದಲ ಸಲ ಫಿಟ್ಸ್ ಬಂತು. ಅದಕ್ಕೂ ಮೊದಲು ಮೂರು ರಾತ್ರಿ ಗಾರ್ಡ್ ಡ್ಯೂಟಿ, ಸರಿಯಾಗಿ ನಿದ್ದೆಯೇ ಇರಲಿಲ್ಲವಂತೆ. ಆಮೇಲೆ ಇನ್ನೆರಡು ಸಲ ಬಂತು. 2003ರಲ್ಲಿ ಬೋರ್ಡ್ ಔಟ್ ಮಾಡಿ, ಅಂದರೆ ಸೇನೆಯ ಡಾಕ್ಟರುಗಳ ಮೆಡಿಕಲ್ ಬೋರ್ಡ್ ಸೇವೆಗೆ ಅನರ್ಹ ಅಂತ ಹೇಳಿ, ಮನೆಗೆ ಕಳಿಸಿದರು. ಆಗ ಅವರಿಗೆ 27 ವರ್ಷ. 10 ವರ್ಷ ಸರ್ವಿಸ್ ಆಗಿರಲಿಲ್ಲ, ಹಾಗಾಗಿ ಪಿಂಚಣಿ ಇಲ್ಲ. ಒಂದಿಷ್ಟು ಗ್ರಾಚ್ಯುಟಿ ಕೊಟ್ಟರು, ಅಷ್ಟೇ.

ಆ ಬೋರ್ಡಿನ ಕಾಗದ ಇನ್ನೂ ಕಪ್ಪು ಟ್ರಂಕಿನಲ್ಲಿ ಇದೆ. ಎಷ್ಟು ಪರ್ಸೆಂಟ್ ಅಂಗವೈಕಲ್ಯ ಅನ್ನುವ ಕಡೆ 20, 2 ವರ್ಷಕ್ಕೆ ಅಂತ ಬರೆದಿದ್ದಾರೆ. ಕಾರಣ ಬರೆಯುವ ಜಾಗದಲ್ಲಿ ಒಂದೇ ಸಾಲು: ದೇಹಪ್ರಕೃತಿಯಿಂದ ಬಂದ ಕಾಯಿಲೆ, ಸೇವೆಗೆ ಸಂಬಂಧವಿಲ್ಲ. ಎಂಟು ವರ್ಷದ ನೌಕರಿಯನ್ನು ಆ ಒಂದು ಸಾಲು ಮುಗಿಸಿಬಿಟ್ಟಿತು.

ಆಮೇಲೆ ಏನೇನು ಆಯಿತು ಅಂತ ಸೈನಿಕರ ಮನೆಯವರಿಗೆ ಹೇಳಬೇಕಾಗಿಲ್ಲ. ಡ್ರೈವಿಂಗ್ ಲೈಸೆನ್ಸ್ ಸಿಗಲಿಲ್ಲ. ಸೆಕ್ಯುರಿಟಿ ಕೆಲಸಕ್ಕೆ ಸೇರಿದರು, ಎರಡನೇ ತಿಂಗಳಲ್ಲಿ ಗೇಟಿನ ಹತ್ತಿರ ಬಿದ್ದರು, ಮರುದಿನ ಬರಬೇಡ ಅಂದರು. ಹೊಲದ ಕೆಲಸ ಮಾಡುತ್ತಾರೆ, ಆದರೆ ಬಾವಿಯ ಕಡೆ ನಾನು ಒಬ್ಬರನ್ನೇ ಬಿಡುವುದಿಲ್ಲ. 2014ರಲ್ಲಿ ಒಲೆಯ ಮುಂದೆ ಬಿದ್ದು ಬಲಗೈ ಮೊಣಕೈವರೆಗೆ ಸುಟ್ಟಿತು.

2022ರಲ್ಲಿ ಊರಿನ ಒಬ್ಬ ಹಿರಿಯ ಸೈನಿಕರು ಹೇಳಿದ ಮೇಲೆ ಸೈನಿಕರ ಕೇಸು ನೋಡುವ ಟ್ರಿಬ್ಯುನಲ್‌ಗೆ ಹೋದೆವು. ಈಗ ಆರ್ಡರ್ ಬಂದಿದೆ. ಕಾಯಿಲೆ ಸೇವೆಯಿಂದಲೇ ಬಂದದ್ದು ಅಂತ ಒಪ್ಪಿದ್ದಾರೆ. ಅದನ್ನು ಓದಿ ಅವರು ಬಹಳ ಹೊತ್ತು ಮಾತಾಡಲಿಲ್ಲ. ಆದರೆ ಮುಂದಿನ ಪುಟದಲ್ಲಿ, 2 ವರ್ಷದ ಆಚೆಗೆ ಎಷ್ಟು ಪರ್ಸೆಂಟ್ ಅಂತ ತೀರ್ಮಾನ ಮಾಡಲು ಹೊಸದಾಗಿ ರೀಸರ್ವೇ ಮೆಡಿಕಲ್ ಬೋರ್ಡ್ (ಮರುಪರೀಕ್ಷೆಯ ಬೋರ್ಡ್) ಮಾಡಿ ಅಂತಿದೆ. ಮಿಲಿಟರಿ ಆಸ್ಪತ್ರೆಗೆ ಬರಲು ಪತ್ರವೂ ಬಂದಿದೆ. ಇವರು ಹೋಗಲ್ಲ ಅಂತಾರೆ. "ಒಂದು ಸಲ ನನ್ನನ್ನ ನೋಡಿ ಸುಳ್ಳು ಬರೆದರು, ಮತ್ತೆ ಯಾಕೆ ತೋರಿಸಲಿ" ಅಂತಾರೆ. ನಾನು ಏನು ಮಾಡಲಿ?

ಬೆಳಗಾವಿ_ನಿವೃತ್ತ

ತಂಗಿ, ನಾನು ಸೇನೆಯಲ್ಲಿ ಕ್ಲರ್ಕ್ ಆಗಿ ರೆಕಾರ್ಡ್ಸ್ ಆಫೀಸಿನಲ್ಲೂ ಕೆಲಸ ಮಾಡಿದವನು. ಇಂಥ ಫೈಲುಗಳನ್ನು ಕೈಯಲ್ಲಿ ಹಿಡಿದಿದ್ದೇನೆ. ಅವರ ಸಿಟ್ಟು ಸರಿಯಾದದ್ದೇ. ಆದರೆ ಬೋರ್ಡಿಗೆ ಹೋಗಲೇಬೇಕು. ಹೋಗದಿದ್ದರೆ ಫೈಲಿನ ಮೇಲೆ "ಹಾಜರಾಗಲಿಲ್ಲ" ಅಂತ ಬರೆದು ಪಕ್ಕಕ್ಕಿಡುತ್ತಾರೆ.

ಮೊದಲು ಆರ್ಡರನ್ನು ಇನ್ನೊಂದು ಸಲ ನಿಧಾನಕ್ಕೆ ಓದಿ. ಬೋರ್ಡಿಗೆ ಯಾವ ಪ್ರಶ್ನೆ ಕಳಿಸಿದ್ದಾರೆ ಅನ್ನುವುದೇ ಮುಖ್ಯ. ಕಾಯಿಲೆ ಎಲ್ಲಿಂದ ಬಂತು ಅನ್ನುವುದನ್ನು ಟ್ರಿಬ್ಯುನಲ್ ತೀರ್ಮಾನ ಮಾಡಿ ಆಗಿದೆ. ಆ ವಿಷಯ ಹೊಸ ಬೋರ್ಡಿನ ಕೈಯಲ್ಲಿಲ್ಲ. ಅವರು ಹೇಳಬೇಕಾದದ್ದು ಎರಡೇ: ಈಗ ಎಷ್ಟು ಪರ್ಸೆಂಟ್, ಎಷ್ಟು ಕಾಲಕ್ಕೆ.

ಈ ಪರ್ಸೆಂಟ್ ಯಾಕೆ ಇಷ್ಟು ದೊಡ್ಡದು ಅಂತ ಹೇಳುತ್ತೇನೆ. 20 ಅಥವಾ ಅದಕ್ಕಿಂತ ಜಾಸ್ತಿ ಇದ್ದರೆ ಮಾತ್ರ ಡಿಸೆಬಿಲಿಟಿ ಎಲಿಮೆಂಟ್, ಅಂದರೆ ಅಂಗವೈಕಲ್ಯಕ್ಕೆ ಕೊಡುವ ಪಿಂಚಣಿಯ ಭಾಗ. 100 ಪರ್ಸೆಂಟಿಗೆ ಕೊನೆಯ ಸಂಬಳದ 30 ಪರ್ಸೆಂಟ್ ಅಂತ ಲೆಕ್ಕ. ಬೋರ್ಡ್ ಔಟ್ ಆದವರಿಗೆ 1996ರ ಜನವರಿ 1ರಿಂದ ಬ್ರಾಡ್ ಬ್ಯಾಂಡಿಂಗ್ ಇದೆ. ಅಂದರೆ 20ರಿಂದ 50ರ ಒಳಗೆ ಎಷ್ಟೇ ಇದ್ದರೂ 50 ಅಂತ ಹಿಡಿಯುತ್ತಾರೆ. ಅದರ ಮೇಲಿದ್ದರೆ 75, ಅದಕ್ಕೂ ಮೇಲಾದರೆ 100. ಹಾಗಾಗಿ 20 ಅಂತ ಬರೆದರೆ 50ರ ಹಣ ಬರುತ್ತೆ, ಅಂದರೆ ಸಂಬಳದ 15 ಪರ್ಸೆಂಟ್. "15ರಿಂದ 19" ಅಂತ ಬರೆದರೆ ಸೊನ್ನೆ. ಒಬ್ಬ ಡಾಕ್ಟರ ಪೆನ್ನಿನಲ್ಲಿ ಒಂದೇ ಅಂಕಿಯ ವ್ಯತ್ಯಾಸ, ಮನೆಗೆ ಜೀವನಪೂರ್ತಿ ವ್ಯತ್ಯಾಸ. ನಾನು ಕೆಲಸದಲ್ಲಿದ್ದಾಗಲೂ ಇದನ್ನು ನೋಡಿ ಸಂಕಟಪಟ್ಟಿದ್ದೇನೆ.

ಒಂದು ಧೈರ್ಯದ ಮಾತೂ ಇದೆ. ಬೋರ್ಡ್ ಔಟ್ ಆದವರ ಪಿಂಚಣಿಯಲ್ಲಿ ಎರಡು ಭಾಗ: ಮಾಡಿದ ಸೇವೆಗೆ ಕೊಡುವ ಸರ್ವಿಸ್ ಎಲಿಮೆಂಟ್, ಡಿಸೆಬಿಲಿಟಿ ಎಲಿಮೆಂಟ್. ಮುಂದೆ ಯಾವತ್ತಾದರೂ ಪರ್ಸೆಂಟ್ 20ಕ್ಕಿಂತ ಕೆಳಗೆ ಇಳಿದರೂ ಸರ್ವಿಸ್ ಎಲಿಮೆಂಟ್ ನಿಲ್ಲುವುದಿಲ್ಲ. 1961ರ ಆರ್ಮಿ ಪೆನ್ಷನ್ ರೆಗ್ಯುಲೇಷನ್ 186ರಲ್ಲಿ ಇದೆ. ಆರ್ಡರಿನಲ್ಲಿ ಸರ್ವಿಸ್ ಎಲಿಮೆಂಟ್ ಬಗ್ಗೆ ಏನು ಬರೆದಿದ್ದಾರೆ?

ಗದಗ_ಮಲ್ಲಿಗೆ

ಅಣ್ಣಾರೇ, ಸರ್ವಿಸ್ ಎಲಿಮೆಂಟ್ ಕೇಸ್ ಹಾಕಿದ ದಿನದ ಹಿಂದಿನ 3 ವರ್ಷದಿಂದ ಕೊಡಿ ಅಂತಿದೆ. ಡಿಸೆಬಿಲಿಟಿ ಎಲಿಮೆಂಟ್ 2003ರಿಂದ 2005ರವರೆಗೆ ಒಪ್ಪಿದ್ದಾರೆ, ಆದರೆ ಅದು ಹಳೆಯದಾದ್ದರಿಂದ ಬಾಕಿ ಸಿಗುವುದಿಲ್ಲವಂತೆ. ಅಂದರೆ ಆ 2 ವರ್ಷ ಗೆದ್ದರೂ ಕೈಗೆ ಏನೂ ಇಲ್ಲ, ಅಲ್ವಾ?

ಬೆಂಗಳೂರು_ಕಪ್ಪುಕೋಟು

ಹೌದು ಅಕ್ಕಾ, ನೀವು ಸರಿಯಾಗಿ ಹಿಡಿದಿದ್ದೀರಿ. 2008ರ ತರ್ಸೇಮ್ ಸಿಂಗ್ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್, ಪಿಂಚಣಿ ತಿಂಗಳು ತಿಂಗಳೂ ತಪ್ಪುವ ವಿಷಯವಾದ್ದರಿಂದ ತಡವಾಗಿ ಬಂದರೂ ಕೇಳಬಹುದು, ಆದರೆ ಬಾಕಿ ಮಾತ್ರ ಕೇಸಿನ ಹಿಂದಿನ 3 ವರ್ಷಕ್ಕೆ ಅಂತ ಹೇಳಿತು. ಅವರು 1983ರಲ್ಲಿ ಬೋರ್ಡ್ ಔಟ್ ಆಗಿ 1999ರಲ್ಲಿ ಕೋರ್ಟಿಗೆ ಬಂದವರು. ಅಲ್ಲಿಂದ ಈ 3 ವರ್ಷದ ಲೆಕ್ಕ ಇಂಥ ಕೇಸುಗಳಲ್ಲಿ ಮತ್ತೆ ಮತ್ತೆ ಬರುತ್ತಿದೆ. ಹಾಗಾಗಿ ನಿಮ್ಮ ಕೇಸಿನಲ್ಲಿ ಡಿಸೆಬಿಲಿಟಿ ಹಣ ಪೂರ್ತಿ ಹೊಸ ಬೋರ್ಡಿನ ಮೇಲೆ ನಿಂತಿದೆ.

ಆದರೆ ನಿಮ್ಮ ವಕೀಲರ ಹತ್ತಿರ ಒಂದು ವಿಷಯ ಇವತ್ತೇ ಕೇಳಿ. ಹೊಸ ಬೋರ್ಡ್ ಬೇಕೇ ಇತ್ತಾ? ರಕ್ಷಣಾ ಸಚಿವಾಲಯದ 2001ರ ಫೆಬ್ರವರಿ 7ರ ಪತ್ರ ಇದೆ. ಅದರ ಪ್ರಕಾರ, ಕಾಯಿಲೆ ಶಾಶ್ವತ ಸ್ವರೂಪದ್ದಾದರೆ ಒಮ್ಮೆ ಹೇಳಿದ ಪರ್ಸೆಂಟೇ ಜೀವನಪೂರ್ತಿ. ಸೈನಿಕನೇ ಕೇಳಿದರೆ ಮಾತ್ರ ಮರುಪರಿಶೀಲನೆ. ಶಾಶ್ವತ ಅಲ್ಲದ್ದಾದರೆ ಒಂದೇ ಒಂದು ಸಲ, ಅದೂ ಗೊತ್ತುಮಾಡಿದ ಸಮಯದೊಳಗೆ. 2019ರ ನವೆಂಬರ್‌ನಲ್ಲಿ ಕಮಾಂಡರ್ ರಾಕೇಶ್ ಪಾಂಡೆ ಕೇಸಿನಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಎತ್ತಿಹಿಡಿಯಿತು. ಅವರಿಗೆ ಸಕ್ಕರೆ ಕಾಯಿಲೆಗೆ 20 ಪರ್ಸೆಂಟ್, 5 ವರ್ಷಕ್ಕೆ ಅಂತ ಬರೆದಿದ್ದರು. ವಾಸಿಯಾಗದ ಕಾಯಿಲೆಗೆ ಹೀಗೆ ವರ್ಷದ ಗಡಿ ಹಾಕುವಂತಿಲ್ಲ, ಪಿಂಚಣಿ ಜೀವನಪೂರ್ತಿ ಅಂತ ಕೋರ್ಟ್ ಹೇಳಿತು. 22 ವರ್ಷದಿಂದ ಮಾತ್ರೆ ನುಂಗುತ್ತಿರುವ ಮೂರ್ಛೆರೋಗಕ್ಕೆ ಈ ಮಾತು ಅನ್ವಯಿಸುತ್ತೆ ಅಂತ ವಾದ ಮಾಡಬಹುದು.

2025ರ ಮೇನಲ್ಲಿ ರಾಜುಮೋನ್ ಕೇಸ್ ಬಂತು. ಸ್ಕಿಜೋಫ್ರೇನಿಯಾ ಅಂತ ದಶಕಗಳ ಹಿಂದೆ ಮನೆಗೆ ಕಳಿಸಿದ್ದ ಸೈನಿಕ. ಬೋರ್ಡ್ ಕಾರಣವನ್ನೇ ಕೊಟ್ಟಿರಲಿಲ್ಲ. ಇಷ್ಟು ವರ್ಷ ಕಳೆದ ಮೇಲೆ ಇವರನ್ನು ಮತ್ತೆ ಬೋರ್ಡಿಗೆ ಕಳಿಸುವುದು ಬೇಡ ಅಂತ ಸುಪ್ರೀಂ ಕೋರ್ಟ್ ನೇರವಾಗಿ ಪಿಂಚಣಿ ಕೊಡಿಸಿತು.

ಟ್ರಿಬ್ಯುನಲ್‌ಗೇ ಆರ್ಡರನ್ನು ಮತ್ತೆ ನೋಡಿ ಅಂತ ರಿವ್ಯೂ ಅರ್ಜಿ ಹಾಕುವುದಾದರೆ ಆರ್ಡರಿನ ಕಾಪಿ ಕೈಗೆ ಬಂದ 30 ದಿನದೊಳಗೆ ಹಾಕಬೇಕು. ದಿನ ಎಣಿಸಿಕೊಳ್ಳಿ. ಹೈಕೋರ್ಟಿಗೆ ರಿಟ್ ಹಾಕುವ ದಾರಿಯೂ 2023ರ ಸುಪ್ರೀಂ ಕೋರ್ಟ್ ತೀರ್ಪಿನ ನಂತರ ಇದೆ. ಆದರೂ ಬೋರ್ಡಿನ ತಾರೀಖು ತಪ್ಪಿಸಬೇಡಿ. ಒಂದು ಕೈಯಲ್ಲಿ ಅದು, ಇನ್ನೊಂದು ಕೈಯಲ್ಲಿ ಇದು.

ಜವಾನ್_ಬಾಗಲಕೋಟೆ

ವೈನಿ, ತಪ್ಪು ತಿಳ್ಕೋಬೇಡಿ, ಕಂಡದ್ದು ಹೇಳ್ತೀನಿ. ಬೋರ್ಡಿನ ದಿನ ಆರಾಮಾಗಿ ಕಂಡರೆ ಪರ್ಸೆಂಟ್ ಇಳಿಸ್ತಾರೆ. ನಮ್ಮ ಕಡೆ ಒಬ್ಬರು ಒಂದು ವಾರ ಮೊದಲೇ ಮಾತ್ರೆ ನಿಲ್ಲಿಸಿ ಹೋಗಿದ್ದರು. ಅಲ್ಲೇ ಫಿಟ್ಸ್ ಬಂತು, ಯಾರೂ ಎರಡು ಮಾತಾಡಲಿಲ್ಲ.

ಮೈಸೂರು_ನರವಿಭಾಗ

ದಯವಿಟ್ಟು ಯಾರೂ ಇದನ್ನು ಮಾಡಬೇಡಿ. ನಾನು ನರರೋಗ ವಿಭಾಗದಲ್ಲಿ ಕೆಲಸ ಮಾಡುತ್ತೇನೆ. ಮೂರ್ಛೆರೋಗದ ಮಾತ್ರೆಯನ್ನು ಇದ್ದಕ್ಕಿದ್ದಂತೆ ನಿಲ್ಲಿಸಿದರೆ ಫಿಟ್ಸ್ ಬಿಡದೆ ಒಂದರ ಮೇಲೊಂದು ಬರಬಹುದು. 5 ನಿಮಿಷ ದಾಟಿದರೆ ಅದು ಜೀವಕ್ಕೇ ಅಪಾಯ. ಹಾಗೆ ಆಸ್ಪತ್ರೆಗೆ ಬಂದವರಲ್ಲಿ ಕೆಲವರು ಮನೆಗೆ ವಾಪಸ್ ಹೋಗಲಿಲ್ಲ. ಬಾಗಲಕೋಟೆಯ ಅಣ್ಣ ಕೆಟ್ಟ ಮನಸ್ಸಿನಿಂದ ಹೇಳಿಲ್ಲ ಅಂತ ಗೊತ್ತು. ಆದರೂ ಇದನ್ನು ಇನ್ನೊಬ್ಬರಿಗೆ ಹೇಳಬೇಡಿ ಅಂತ ಕೈಮುಗಿದು ಕೇಳುತ್ತೇನೆ. ಸಲಹೆಯಾಗಿ ಅಲ್ಲ, ಸುಮ್ನೆ ಮಾತಿಗೂ ಬೇಡ.

ಮಲ್ಲಿಗೆ ಮೇಡಂ, ನಿಮ್ಮವರು ಆರಾಮಾಗಿ ಕಾಣುತ್ತಿದ್ದರೆ ಅದು ಮಾತ್ರೆಯ ಬಲ. ಬೋರ್ಡಿಗೆ ಹೇಳಬೇಕಾದದ್ದೂ ಅದೇ: ಯಾವ ಮಾತ್ರೆ, ಎಷ್ಟು ಡೋಸ್, ಎಷ್ಟು ವರ್ಷದಿಂದ, ಮಾತ್ರೆ ತಗೊಂಡರೂ ಎಷ್ಟು ಸಲ ಬಂದಿದೆ.

ಇಇಜಿ (ಮೆದುಳಿನ ವಿದ್ಯುತ್ ಅಲೆ ನೋಡುವ ಪರೀಕ್ಷೆ) ಮಾಡಿಸಿದರೆ ನಾರ್ಮಲ್ ಅಂತ ಬರಬಹುದು, ಹೆದರಬೇಡಿ. ಫಿಟ್ಸ್ ಇಲ್ಲದ ಹೊತ್ತಿನಲ್ಲಿ ತೆಗೆದ ಇಇಜಿ ನಾರ್ಮಲ್ ಇದ್ದ ಮಾತ್ರಕ್ಕೆ ಕಾಯಿಲೆ ಇಲ್ಲ ಅಂತ ಅರ್ಥ ಅಲ್ಲ. ಈ ಕಾಯಿಲೆಯಲ್ಲಿ ಕಣ್ಣಾರೆ ಕಂಡವರ ಮಾತಿಗೆ ದೊಡ್ಡ ಬೆಲೆ ಇದೆ. ರೋಗಿಗೆ ಆ ಹೊತ್ತಿನ ನೆನಪೇ ಇರುವುದಿಲ್ಲ. ನೋಡಿದವರು ನೀವು. ಹೇಗೆ ಶುರುವಾಗುತ್ತೆ, ಕಣ್ಣು ಯಾವ ಕಡೆ ತಿರುಗುತ್ತೆ, ಎಷ್ಟು ನಿಮಿಷ, ನಾಲಿಗೆ ಕಚ್ಚಿಕೊಳ್ಳುತ್ತಾರಾ, ಎಚ್ಚರವಾದ ಮೇಲೆ ಎಷ್ಟು ಹೊತ್ತು ಗೊಂದಲದಲ್ಲಿ ಇರುತ್ತಾರೆ, ಇದನ್ನೆಲ್ಲ ಬರೆದು ಇಟ್ಟಿದ್ದೀರಾ?

ಗದಗ_ಮಲ್ಲಿಗೆ

ಬರೆದಿದ್ದೇನೆ ಡಾಕ್ಟ್ರೇ! 2009ರಿಂದ ಒಂದು ನೋಟ್‌ಬುಕ್ ಇಟ್ಟಿದ್ದೇನೆ, ಮಗಳ ಎರಡನೇ ಕ್ಲಾಸಿನ ಹಳೆಯ ಪುಸ್ತಕ. ಮೊದಲ ಪುಟದಲ್ಲಿ ಅವಳ ಮಗ್ಗಿ ಇದೆ, ಆಮೇಲೆ ಇವರ ತಾರೀಖುಗಳು. ಶುರುವಿನಲ್ಲಿ ನಮ್ಮ ಅತ್ತೆ ಫಿಟ್ಸ್ ಬಂದಾಗ ಕೈಗೆ ಬೀಗದ ಕೈ ಹಿಡಿಸುತ್ತಿದ್ದರು. ಆಸ್ಪತ್ರೆಯ ನರ್ಸ್ ಒಬ್ಬರು ಅದೆಲ್ಲ ಬೇಡ, ಮಗ್ಗುಲಾಗಿ ಮಲಗಿಸಿ ಗಡಿಯಾರ ನೋಡಿ ಅಂದರು. ಅವತ್ತಿನಿಂದ ಟೈಮ್ ಬರೆಯುತ್ತಾ ಬಂದೆ. ಕಳೆದ 2 ವರ್ಷದಲ್ಲಿ 9 ಸಲ ಬಂದಿದೆ, ಹೆಚ್ಚಿನವು ಬೆಳಗಿನ ಜಾವ. ಎಪ್ಟಾಯಿನ್ ಮಾತ್ರೆ ಮೊದಲಿಂದ ತಗೊಳ್ತಾ ಇದ್ದಾರೆ, ವಸಡು ಊದಿಕೊಂಡು ಹಲ್ಲು ಉಜ್ಜಿದರೆ ರಕ್ತ ಬರುತ್ತೆ. ಇದನ್ನೂ ಹೇಳಬೇಕಾ?

ಮೈಸೂರು_ನರವಿಭಾಗ

ಖಂಡಿತ ಹೇಳಬೇಕು. ಆ ಮಾತ್ರೆ ವರ್ಷಗಟ್ಟಲೆ ತಗೊಂಡರೆ ವಸಡು ಊದುವುದು ಗೊತ್ತಿರುವ ಅಡ್ಡಪರಿಣಾಮ. ನಡೆಯುವಾಗ ತೂಗಾಡಿದ ಹಾಗೆ ಆಗುತ್ತಾ, ಅದನ್ನೂ ಗಮನಿಸಿ. ಮೇಡಂ, ಆ ನೋಟ್‌ಬುಕ್ ಬಹಳ ದೊಡ್ಡ ಸಾಕ್ಷಿ. ಜೋಪಾನ.

ಕೊಡಗು_ಕಾಫಿಗಿಡ

ನನ್ನದು ಬೇರೆ, ಮೊಣಕಾಲು. ಆದರೆ ಬೋರ್ಡಿನ ಕೋಣೆಯಲ್ಲಿ ನಾನು ಮಾಡಿದ ತಪ್ಪು ನಿಮ್ಮ ಮನೆಯವರು ಮಾಡಬಾರದು ಅಂತ ಬರೆಯುತ್ತಿದ್ದೇನೆ.

ಒಳಗೆ ಮೂವರು ಅಧಿಕಾರಿಗಳು ಕೂತಿದ್ದರು. ನಡುವಿನವರು ಕರ್ನಲ್. ಬಾಗಿಲು ದಾಟಿದ ಕೂಡಲೇ ನನ್ನ ಬೆನ್ನು ತಾನಾಗಿ ನೆಟ್ಟಗಾಯಿತು, ಹಿಮ್ಮಡಿ ಜೋಡಿಸಿಕೊಂಡೆ. ಹೇಗಿದ್ದೀರಿ ಅಂತ ಕೇಳಿದರು. ಬಾಯಿಂದ ಬಂದದ್ದು "ಠೀಕ್ ಹೂಂ ಸಾಬ್", ಚೆನ್ನಾಗಿದ್ದೇನೆ ಸರ್ ಅಂತ. 17 ವರ್ಷ ಹಾಗೇ ಹೇಳಿ ಅಭ್ಯಾಸ. ಅವತ್ತು ಬೆಳಿಗ್ಗೆ ಬಸ್ಸಿನಿಂದ ಇಳಿಯಲು ಹೆಂಡತಿಯ ಹೆಗಲು ಹಿಡಿದಿದ್ದೆ. ಅದು ಬಾಯಿಗೆ ಬರಲೇ ಇಲ್ಲ. ಅವರು ಬರೆದುಕೊಂಡರು. 15ರಿಂದ 19 ಅಂತ ಬಂತು. ಅಪೀಲು ಹಾಕಿದ್ದೇನೆ, ಇನ್ನೂ ನಡೀತಾ ಇದೆ.

ನೋವನ್ನು ಹೇಳಿಕೊಳ್ಳುವುದು ದೂರು ಅಂತ ನಮಗೆ ಕಲಿಸಿದ್ದಾರೆ. ಆ ಕೋಣೆಯಲ್ಲಿ ಅದನ್ನು ಬಿಡಬೇಕು. ಮನೆಯಲ್ಲೇ ಒಂದೆರಡು ಸಲ ಬಾಯಿಬಿಟ್ಟು ಹೇಳಿಸಿ ನೋಡಿ.

ಹಾಸನ_ಸೊಸೆ

ನಮ್ಮ ಮಾವನವರದ್ದೂ ಹೀಗೇ ಬೋರ್ಡಿಗೆ ವಾಪಸ್ ಹೋಯಿತು. ಆರ್ಡರ್ ಬಂದು 14 ತಿಂಗಳಾದರೂ ಕರೆಯಲೇ ಇಲ್ಲ. ಪ್ರತಿದಿನ ಅಂಚೆಯಣ್ಣನ ದಾರಿ ಕಾಯುತ್ತಿದ್ದರು. ಪತ್ರ ಬಂತು, ಅಷ್ಟೊತ್ತಿಗೆ ಅವರ ತಿಥಿ ಮುಗಿದು 9 ದಿನ ಆಗಿತ್ತು. ಅದರಲ್ಲಿ ಅವರ ನಂಬರ್, ಹೆಸರು, ಬರುವಾಗ 2 ಫೋಟೋ ತನ್ನಿ ಅಂತ ಬರೆದಿತ್ತು.

ಅಕ್ಕಾ, ನಿಮ್ಮವರನ್ನು ಒಪ್ಪಿಸಿ ಕರೆದುಕೊಂಡು ಹೋಗಿ.

ಬೆಳಗಾವಿ_ನಿವೃತ್ತ

ಹಾಸನದ ತಂಗಿ, ಓದಿ ಬಹಳ ಬೇಜಾರಾಯಿತು. ಆರ್ಡರಿನಲ್ಲಿ ಹೇಳಿದ ಗಡುವು ಮೀರಿದರೆ ಕೂತು ಕಾಯಬಾರದು ಅಂತ ಇನ್ನೂ ಬಹಳ ಜನರಿಗೆ ಗೊತ್ತಿಲ್ಲ. ಆರ್ಡರ್ ಜಾರಿ ಮಾಡಿಸಲು ಅದೇ ಟ್ರಿಬ್ಯುನಲ್‌ಗೆ ಎಕ್ಸಿಕ್ಯೂಷನ್ ಅರ್ಜಿ ಹಾಕಬಹುದು. ಆ ಟ್ರಿಬ್ಯುನಲ್ ಮಾಡಿದ 2007ರ ಕಾಯ್ದೆಯ 29ನೇ ಸೆಕ್ಷನ್ನಿನಲ್ಲಿ ಅದಕ್ಕೆ ಅವಕಾಶ ಇದೆ.

ಮಲ್ಲಿಗೆ ತಂಗಿ, ಕಾಗದಗಳ ವಿಷಯ. 2003ರ ಬೋರ್ಡಿನ ಕಾಪಿ, ಡಿಸ್ಚಾರ್ಜ್ ಬುಕ್, ಟ್ರಿಬ್ಯುನಲ್ ಆರ್ಡರ್, ಇಲ್ಲಿಯವರೆಗಿನ ಆಸ್ಪತ್ರೆ ಚೀಟಿ. ಎಲ್ಲದಕ್ಕೂ ಮೂರು ಸೆಟ್ ಜೆರಾಕ್ಸ್. ಒರಿಜಿನಲ್ ಯಾರ ಕೈಗೂ ಕೊಟ್ಟು ಬರಬೇಡಿ, ತೋರಿಸಿ ವಾಪಸ್ ಇಟ್ಟುಕೊಳ್ಳಿ. ಸೇವೆಯಲ್ಲಿದ್ದಾಗ ಅಡ್ಮಿಟ್ ಆದ ದಾಖಲೆ ಇಲ್ಲದಿದ್ದರೆ ಮಾಹಿತಿ ಹಕ್ಕಿನಲ್ಲಿ ಕೇಳಿ. ನಾಶ ಮಾಡಿದ್ದೇವೆ ಅಂತ ಉತ್ತರ ಬಂದರೆ ಆ ಉತ್ತರವನ್ನೂ ಫೈಲಿಗೆ ಸೇರಿಸಿ.

ನಿಮ್ಮವರಿಗೆ ಪಿಂಚಣಿ ಇರಲಿಲ್ಲ, ಅಂದರೆ ಮಾಜಿ ಸೈನಿಕರ ಚಿಕಿತ್ಸೆಗೆ ಕೊಡುವ ಇಸಿಎಚ್‌ಎಸ್ ಕಾರ್ಡೂ ಇರಲಿಲ್ಲ. ಹೊರಗಿನ ಚೀಟಿಗಳೇ ನಿಮ್ಮ ದಾಖಲೆ. ಮೆಡಿಕಲ್ ಶಾಪಿನ ಬಿಲ್ಲೂ ಬಿಡಬೇಡಿ.

ಗದಗ_ಮಲ್ಲಿಗೆ

ಟ್ರಂಕ್ ಪೂರ್ತಿ ಸುರಿದು ಕೂತಿದ್ದೇವೆ. ಬಿಲ್ಲುಗಳು ಸಿಕ್ಕವು, ಆದರೆ 2010ರ ಹಿಂದಿನವು ಪೂರ್ತಿ ಮಾಸಿ ಹೋಗಿವೆ, ಬಿಳೀ ಕಾಗದ. ಇವರು ಇನ್ನೂ ಹೂಂ ಅಂದಿಲ್ಲ. ಕೊಡಗಿನ ಅಣ್ಣ ಬರೆದದ್ದನ್ನು ಓದಿ ಹೇಳಿದೆ. ಸುಮ್ಮನೆ ಕೇಳಿಸಿಕೊಂಡು, "ನಾನೂ ಅವತ್ತು ಠೀಕ್ ಅಂತಲೇ ಹೇಳಿದ್ದೆ" ಅಂದರು. ಇಷ್ಟು ವರ್ಷದಲ್ಲಿ ನನಗೆ ಈ ಮಾತು ಹೇಳಿರಲಿಲ್ಲ.

ಬೆಂಗಳೂರು_ಕಪ್ಪುಕೋಟು

ಅಕ್ಕಾ, ಅವರಿಗೆ ಧರ್ಮವೀರ್ ಸಿಂಗ್ ಕೇಸಿನ ಬಗ್ಗೆ ಹೇಳಿ. ಸಿಗ್ನಲ್ಸ್‌ನವರು, 9 ವರ್ಷ ಸರ್ವಿಸ್ ಮಾಡಿದವರು, ಅವರಿಗೂ ಫಿಟ್ಸೇ. ಅವರ ಬೋರ್ಡೂ ಇದೇ ರೀತಿ ಕಾರಣ ಕೊಡದೆ ಒಂದು ಸಾಲು ಬರೆದು ಮುಗಿಸಿತ್ತು. 2013ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಅವರ ಪರ ತೀರ್ಪು ಕೊಟ್ಟಿತು. ಸೇರುವಾಗ ಆರೋಗ್ಯವಾಗಿದ್ದ, ದಾಖಲೆಯಲ್ಲಿ ಕಾಯಿಲೆ ಬರೆದಿರಲಿಲ್ಲ ಅಂದರೆ ಅದು ಸೇವೆಯಲ್ಲಿ ಬಂದದ್ದು ಅಂತಲೇ ಹಿಡಿಯಬೇಕು. ಸಾಬೀತು ಮಾಡುವ ಹೊರೆ ಸೈನಿಕನ ಮೇಲೆ ಇಲ್ಲ. ಸೇವೆಯಿಂದ ಬಂದದ್ದಲ್ಲ ಅಂತ ಬೋರ್ಡ್ ಹೇಳುವುದಾದರೆ ಕಾರಣ ಬರೆಯಬೇಕು. 1982ರ ಎಂಟೈಟಲ್‌ಮೆಂಟ್ ರೂಲ್ಸ್ ಓದಿ ಕೋರ್ಟ್ ಹೇಳಿದ್ದು ಇದು. ಇವತ್ತು ನಿಮ್ಮ ಆರ್ಡರಿನ ಮೊದಲ ಭಾಗ ನಿಂತಿರುವುದೂ ಅದರ ಮೇಲೆಯೇ.

2025ರಲ್ಲಿ ದೆಹಲಿ ಹೈಕೋರ್ಟ್ ಕೂಡ ರಕ್ತದೊತ್ತಡದ ಒಂದು ಕೇಸಿನಲ್ಲಿ, ಪೀಸ್ ಪೋಸ್ಟಿಂಗ್ (ಗಡಿ, ಯುದ್ಧಭೂಮಿ ಅಲ್ಲದ ಜಾಗ)‌ನಲ್ಲಿದ್ದಾಗ ಬಂತು ಅನ್ನುವುದೊಂದೇ ಕಾರಣ ಸಾಲದು ಅಂದಿದೆ.

ಇಲ್ಲಿ ಓದುತ್ತಿರುವ ಬೇರೆಯವರಿಗೆ ಒಂದು ಮಾತು: 2023ರ ಸೆಪ್ಟೆಂಬರ್ 21ರಿಂದ ಆ 1982ರ ರೂಲ್ಸ್ ಜಾಗಕ್ಕೆ ಹೊಸ ರೂಲ್ಸ್ ಬಂದಿವೆ. ಆಮೇಲೆ ಹೊರಬಂದವರು ಹಳೆಯ ತೀರ್ಪು ಹಿಡಿದುಕೊಂಡು ಹೋಗುವ ಮೊದಲು ವಕೀಲರನ್ನು ಕೇಳಿ.

ಜವಾನ್_ಬಾಗಲಕೋಟೆ

ಡಾಕ್ಟ್ರೇ, ನಿಮ್ಮ ಮಾತು ತಲೆಗೆ ಹೋಯಿತು. ಮಾತ್ರೆ ನಿಲ್ಲಿಸುವ ಮಾತು ವಾಪಸ್ ತಗೊಂಡೆ. ಆ ನಮ್ಮ ಊರಿನವರ ಮನೆಗೂ ಹೋಗಿ ಹೇಳಿ ಬಂದೆ. ವೈನಿ, ಜೊತೆಗೆ ಗಂಡಸರು ಯಾರಾದರೂ ಬೇಕಾದರೆ ನಾನು ಬರ್ತೀನಿ, ನನಗೆ ಆ ಊರು ಗೊತ್ತು.

ಗದಗ_ಮಲ್ಲಿಗೆ

ಹೋಗಿ ಬಂದೆವು! ಬಾಗಲಕೋಟೆಯ ಅಣ್ಣ ಸ್ಟೇಷನ್ನಿಗೇ ಬಂದಿದ್ದರು. ಅವರಿಗೆ ಇಲ್ಲಿಂದಲೇ ನಮಸ್ಕಾರ.

ಹಿಂದಿನ ರಾತ್ರಿ ರೈಲಿನಲ್ಲಿ ಇವರಿಗೆ ನಿದ್ದೆ ಕೆಡಬಾರದು ಅಂತ ನಾನು ಎಚ್ಚರ ಇದ್ದೆ. ಬೆಳಿಗ್ಗೆ ಮಾತ್ರೆ ಕೊಟ್ಟು, ಇಡ್ಲಿ ತಿನ್ನಿಸಿ ಕರೆದುಕೊಂಡು ಹೋದೆ. ಮೊದಲು ಸ್ಪೆಷಲಿಸ್ಟ್ ನೋಡಿದರು, ಇಇಜಿ ಆಯಿತು, ರಕ್ತ ತೆಗೆದರು. ಮೂರನೇ ದಿನ ಬೋರ್ಡ್.

ಮೊದಲು ನನ್ನನ್ನು ಒಳಗೆ ಬಿಡಲಿಲ್ಲ. ಬಾಗಿಲು ಅರ್ಧ ತೆರೆದಿತ್ತು, ಬೆಂಚಿನಿಂದ ಕಾಣುತ್ತಿತ್ತು. ಇವರು ಹಾಗೇ ನೆಟ್ಟಗೆ ನಿಂತರು. ಏನೋ ಕೇಳಿದರು. "ಠೀಕ್" ಅನ್ನುವುದು ಕೇಳಿಸಿತು, ನನ್ನ ಎದೆ ಧಸಕ್ ಅಂತು. ಆಮೇಲೆ ಸ್ವಲ್ಪ ಹೊತ್ತು ಮಾತಿಲ್ಲ. "ಠೀಕ್ ನಹೀಂ ಹೂಂ ಸಾಬ್" ಅಂದರು. ಶರ್ಟಿನ ತೋಳು ಮೇಲೆ ಮಾಡಿ ಸುಟ್ಟ ಕೈ ತೋರಿಸಿದರು. ಬಗಲಿನಲ್ಲಿದ್ದ ನೋಟ್‌ಬುಕ್ ಮೇಜಿನ ಮೇಲೆ ಇಟ್ಟರು.

ಅದು ಕನ್ನಡದಲ್ಲಿದೆ, ಅವರಿಗೆ ಓದಲು ಬರಲಿಲ್ಲ. ಆಗ ನನ್ನನ್ನು ಕರೆದರು. ಒಬ್ಬರು ಮೇಡಂ ಡಾಕ್ಟರ್ ಇದ್ದರು, ಅವರು ಒಂದೊಂದೇ ಪುಟ ತಿರುಗಿಸುತ್ತಾ ತಾರೀಖು, ನಿಮಿಷ ಕೇಳಿದರು. ನನಗೆ ಬಂದಷ್ಟು ಹಿಂದಿಯಲ್ಲಿ ಹೇಳಿದೆ. ಮಗ್ಗಿಯ ಪುಟ ಬಂದಾಗ ಇದು ಯಾರದ್ದು ಅಂತ ಕೇಳಿದರು. ಮಗಳದ್ದು, ಈಗ ಬಿಎಸ್‌ಸಿ ನರ್ಸಿಂಗ್ ಓದುತ್ತಿದ್ದಾಳೆ ಅಂದೆ. ಪೂರ್ತಿ ಪುಸ್ತಕ ಜೆರಾಕ್ಸ್ ಮಾಡಿಸಿ ಕೊಡಿ, ಫೈಲಿಗೆ ಹಾಕುತ್ತೇವೆ ಅಂದರು. ಊಟದ ಹೊತ್ತು, ಅಂಗಡಿ ಮುಚ್ಚಿತ್ತು. ತೆರೆಯುವವರೆಗೆ ಕಾದು, ಮಾಡಿಸಿ, ಪ್ರತಿ ಪುಟಕ್ಕೂ ಇವರ ಸಹಿ ಹಾಕಿಸಿ ಕೊಟ್ಟು ಬಂದೆ. ಕೊಟ್ಟದ್ದಕ್ಕೆ ಸೀಲ್ ಹಾಕಿಸಿಕೊಂಡಿದ್ದೇನೆ.

ಎಷ್ಟು ಪರ್ಸೆಂಟ್ ಅಂತ ಹೇಳಲಿಲ್ಲ, ರೆಕಾರ್ಡ್ಸ್‌ನಿಂದ ಬರುತ್ತೆ ಅಂದರು. ವಕೀಲರು ರಿವ್ಯೂ ಅರ್ಜಿಯನ್ನು 26ನೇ ದಿನಕ್ಕೆ ಹಾಕಿದ್ದಾರೆ, ರಾಕೇಶ್ ಪಾಂಡೆ ತೀರ್ಪು ಸೇರಿಸಿ. ಆರ್ಡರಿನ ಗಡುವು ಕ್ಯಾಲೆಂಡರಿನಲ್ಲಿ ಕೆಂಪು ಗುರುತು ಮಾಡಿದ್ದೇನೆ. ಹಾಸನದ ಅಕ್ಕಾ, ಅದು ದಾಟಿದ ಮರುದಿನವೇ ಎಕ್ಸಿಕ್ಯೂಷನ್ ಅರ್ಜಿ ಹಾಕಲು ಹೇಳಿ ಇಟ್ಟಿದ್ದೇನೆ.

ನೋಟ್‌ಬುಕ್ ವಾಪಸ್ ಟ್ರಂಕಿಗೆ ಹೋಗಿಲ್ಲ. ನಿನ್ನೆ ಬೆಳಗಿನ ಜಾವ 4.40ಕ್ಕೆ ಮತ್ತೆ ಒಂದು ಬಂತು, 3 ನಿಮಿಷ. ಬರೆದಿದ್ದೇನೆ.